ಅರ್ಧ ಮಾತ್ರೆ ಸಾಲದೇ?

ಪ್ರಶ್ನೆ: ನನ್ನ ತಮ್ಮ ನಾಲ್ಕು ವರ್ಷದಿಂದ ಎಚ್‌ಐವಿಗೆ ಎ.ಆರ್.ಟಿ. ಕೇಂದ್ರದ ಮಾತ್ರೆ ನುಂಗುತ್ತಿದ್ದಾನೆ. ಅವನ ತೂಕ 48 ಕೆ.ಜಿ. ಅದೇ ಕೇಂದ್ರಕ್ಕೆ ಬರುವ 90 ಕೆ.ಜಿ. ಆಸಾಮಿಗೂ ಅದೇ ಡಬ್ಬಿ, ಅದೇ ಒಂದು ಮಾತ್ರೆ. ನಮ್ಮ ಅಮ್ಮನ ಥೈರಾಯ್ಡ್ ಮಾತ್ರೆಯನ್ನಾದರೆ ರಕ್ತ ಪರೀಕ್ಷೆ ನೋಡಿ ಹೆಚ್ಚು ಕಡಿಮೆ ಮಾಡುತ್ತಾರೆ. ಎಚ್‌ಐವಿ ಮಾತ್ರೆಯ ಪ್ರಮಾಣವನ್ನು ಯಾರು, ಹೇಗೆ ಗೊತ್ತುಮಾಡಿದರು? ತಮ್ಮನ ರಕ್ತದಲ್ಲಿ ವೈರಸ್ ಕಾಣುತ್ತಲೇ ಇಲ್ಲವಂತೆ. ಹಾಗಿದ್ದರೆ ಇನ್ನು ಅರ್ಧ ಮಾತ್ರೆ ಸಾಲದೇ?
— ಹೆಸರು ಬೇಡ ಎಂದಿರುವ ಓದುಗರು, ಹಾವೇರಿ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಇದು ಅಚ್ಚಾಗಿ ನಿಮ್ಮ ಕೈಸೇರುವಷ್ಟರಲ್ಲಿ ನಿಮ್ಮ ತಮ್ಮ ಮಾತ್ರೆ ಮುರಿಯಲು ಶುರುಮಾಡಿಯಾನು ಎಂಬ ದಿಗಿಲು ನನಗಿದೆ. ಅರ್ಧ ಮಾತ್ರೆ ಬೇಡ. ಇಡೀ ಮಾತ್ರೆ, ದಿನಾ, ಅದೇ ಹೊತ್ತಿಗೆ. ವೈರಸ್ ಕಾಣುತ್ತಿಲ್ಲ ಎಂದರೆ ಹೋಗಿಬಿಟ್ಟಿದೆ ಎಂದಲ್ಲ, ಮಾತ್ರೆ ಅದನ್ನು ಮೂಲೆಗೆ ಒತ್ತಿ ಹಿಡಿದಿದೆ ಎಂದು.

ಹಾಗೆಂದು ನಿಮ್ಮ ಪ್ರಶ್ನೆಯನ್ನು ಪೆದ್ದು ಪ್ರಶ್ನೆ ಎಂದು ತಳ್ಳಿಹಾಕುವವನು ನಾನಲ್ಲ. ಬದುಕಿನ ಬಹುಪಾಲನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸುವುದರಲ್ಲೇ ಕಳೆದವನು. ಎಚ್‌ಐವಿ ಔಷಧಗಳ ಕತೆಯನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ, ಅದು ಡೋಸು ಇಳಿಯುತ್ತಾ ಬಂದ ಕತೆ ಎನ್ನುತ್ತೇನೆ. ಮೊದಲ ಔಷಧವನ್ನು ಇವತ್ತು ಕೊಡುವುದರ ಎರಡೂವರೆ ಪಟ್ಟು ಕೊಟ್ಟು ಪರೀಕ್ಷಿಸಿದ್ದರು. ಇನ್ನೊಂದನ್ನು ಹನ್ನೆರಡು ಪಟ್ಟು ಕೊಡುತ್ತಿದ್ದರು. ‘ಕಡಿಮೆ ಸಾಲದೇ?’ ಎಂದು ನೀವು ಕೇಳಿದ್ದನ್ನೇ ದೊಡ್ಡ ದೊಡ್ಡ ವಿಜ್ಞಾನಿಗಳೂ ಕೇಳಿದ್ದಾರೆ, ಹಲವು ಸಲ ಸಾಕು ಎಂಬ ಉತ್ತರವೂ ಸಿಕ್ಕಿದೆ. ಅವರು ಮಾತ್ರೆಯನ್ನು ಅಡುಗೆಮನೆಯ ಚಾಕುವಿನಲ್ಲಿ ಕತ್ತರಿಸಲಿಲ್ಲ, ಅಷ್ಟೇ. ನೂರಾರು ಜನರ ಮೇಲೆ, ವಾರವಾರ ರಕ್ತ ನೋಡುತ್ತಾ ಇಳಿಸಿದರು.

ಕತೆ ಶುರುವಾಗುವುದು ಅಮೆರಿಕದಲ್ಲಿ. ಡೆಟ್ರಾಯಿಟ್‌ನ ಜೆರೋಮ್ ಹೊರ್ವಿಟ್ಸ್ ಎಂಬ ರಸಾಯನ ವಿಜ್ಞಾನಿ 1964ರಲ್ಲಿ ಕ್ಯಾನ್ಸರಿಗೆಂದು ಒಂದು ವಸ್ತು ತಯಾರಿಸಿದರು. ಕ್ಯಾನ್ಸರ್ ಅದಕ್ಕೆ ಬಗ್ಗಲಿಲ್ಲ, ಅದು ಮೂಲೆ ಸೇರಿತು. ಇಪ್ಪತ್ತು ವರ್ಷದ ಮೇಲೆ ಏಡ್ಸ್ ಬಂದು ಹರೆಯದವರು ಸಾಲುಸಾಲಾಗಿ ಸಾಯತೊಡಗಿದಾಗ, ಕಪಾಟಿನಲ್ಲಿದ್ದ ಹಳೆಯ ಸೀಸೆಗಳನ್ನೆಲ್ಲ ತೆಗೆದು ವೈರಸ್ ಮೇಲೆ ಸುರಿದು ನೋಡಿದರು. ಹೊರ್ವಿಟ್ಸ್ ಬಿಟ್ಟಿದ್ದ ವಸ್ತು ಕೆಲಸ ಮಾಡಿತು. ಅದೇ ಜಿಡೊವುಡಿನ್, ಆಗಿನ ಬಾಯಿಮಾತಿನಲ್ಲಿ ಎ.ಜೆಡ್.ಟಿ. 1985ರ ಜುಲೈಯಲ್ಲಿ ಮೊದಲ ರೋಗಿಗೆ ಕೊಟ್ಟರು. ಮುಂದಿನ ವರ್ಷ 282 ಜನರ ಮೇಲೆ ಪರೀಕ್ಷೆ ನಡೆಯಿತು, ಅರ್ಧ ಜನರಿಗೆ ಔಷಧ, ಇನ್ನರ್ಧ ಜನರಿಗೆ ಬರೀ ಹಿಟ್ಟಿನ ಗುಳಿಗೆ. ಸೆಪ್ಟೆಂಬರಿನಲ್ಲಿ ಲೆಕ್ಕ ತೆಗೆದಾಗ ಹಿಟ್ಟಿನ ಗುಳಿಗೆಯ 137 ಮಂದಿಯಲ್ಲಿ 19 ಜನ ಸತ್ತಿದ್ದರು. ಔಷಧ ಪಡೆದ 145 ಮಂದಿಯಲ್ಲಿ ಸತ್ತವನು ಒಬ್ಬ. ಅಂಥ ಲೆಕ್ಕ ಕಣ್ಣೆದುರಿಗಿಟ್ಟುಕೊಂಡು ಪರೀಕ್ಷೆ ಮುಂದುವರಿಸುವ ಎದೆ ಯಾರಿಗೂ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿ ಎಲ್ಲರಿಗೂ ಔಷಧ ಕೊಟ್ಟರು. 1987ರ ಮಾರ್ಚಿನಲ್ಲಿ ಅಮೆರಿಕ ಸರಕಾರದ ಒಪ್ಪಿಗೆಯೂ ಸಿಕ್ಕಿತು.

ಆ ಪರೀಕ್ಷೆಯಲ್ಲಿ ಎಷ್ಟು ಕೊಟ್ಟರು ಗೊತ್ತೇ? ನಾಲ್ಕು ಗಂಟೆಗೊಮ್ಮೆ 250 ಮಿಲಿಗ್ರಾಂ, ದಿನಕ್ಕೆ 1500. ಮಾರುಕಟ್ಟೆಗೆ ಬಂದಾಗ ಸ್ವಲ್ಪ ಇಳಿಸಿ ದಿನಕ್ಕೆ 1200 ಮಾಡಿದರು. ನಾಲ್ಕು ಗಂಟೆಗೊಮ್ಮೆ ಎಂದರೆ ರಾತ್ರಿಯೂ ಎದ್ದು. ಪೀಪೀ ಎಂದು ಕೂಗುವ ಅಲಾರಂ ಇರುವ ಗುಳಿಗೆ ಡಬ್ಬಿಗಳನ್ನು ಜನ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಸಿನಿಮಾ ಮಂದಿರದಲ್ಲಿ, ಆಫೀಸಿನಲ್ಲಿ, ಸಾವಿನ ಮನೆಯಲ್ಲಿ ಅದು ಕೂಗಿದರೆ ಸುತ್ತಲಿನವರಿಗೆ ಎಲ್ಲ ಅರ್ಥವಾಗುತ್ತಿತ್ತು. ಮೈಯಂತೂ ಬಸವಳಿಯುತ್ತಿತ್ತು. ಔಷಧ ಪಡೆದವರಲ್ಲಿ ನೂರಕ್ಕೆ 24 ಜನರಿಗೆ ಹಿಮೊಗ್ಲೋಬಿನ್ 7.5ಕ್ಕಿಂತ ಕೆಳಗಿಳಿಯಿತು, 21 ಜನರಿಗೆ ಮತ್ತೆ ಮತ್ತೆ ರಕ್ತ ಏರಿಸಬೇಕಾಯಿತು.

ಅಷ್ಟೊಂದು ಯಾಕೆ ಕೊಟ್ಟರು? ಮೊದಲನೆಯದಾಗಿ, ಅವರ ಕೈಯಲ್ಲಿ ಅಳತೆಗೋಲು ಇರಲಿಲ್ಲ. ನಿಮ್ಮ ತಮ್ಮನಿಗೆ ಮಾಡುವ ವೈರಲ್ ಲೋಡ್ ಪರೀಕ್ಷೆ ಅಮೆರಿಕದಲ್ಲೇ ಬಳಕೆಗೆ ಒಪ್ಪಿಗೆ ಪಡೆದದ್ದು 1996ರಲ್ಲಿ. ಅಲ್ಲಿಯತನಕ ಔಷಧ ನಾಟುತ್ತಿದೆಯೇ ಎಂದು ತಿಳಿಯಲು ಇದ್ದ ದಾರಿ ರಕ್ತದಲ್ಲಿ ರೋಗ ತಡೆಯುವ ಸಿಡಿ4 ಕಣಗಳನ್ನು ಎಣಿಸುವುದು, ಇಲ್ಲವೇ ಯಾರು ಉಳಿದರು, ಯಾರು ಹೋದರು ಎಂದು ನೋಡುವುದು. ಉರಿ ಕಾಣದ ಒಲೆಯ ಮೇಲೆ ಅಡುಗೆಗಿಟ್ಟವರು ಸೌದೆಯನ್ನು ಜಾಸ್ತಿಯೇ ತುರುಕುತ್ತಾರೆ.

ಎರಡನೆಯ ಕಾರಣ ನನಗೆ ಬಹಳ ಇಷ್ಟ. ನುಂಗಿದ ಈ ಔಷಧ ರಕ್ತದಲ್ಲಿ ಸುಮಾರು ಒಂದು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ ನಾಲ್ಕು ಗಂಟೆಗೊಮ್ಮೆ ತುಂಬಬೇಕು ಎಂದು ಲೆಕ್ಕ ಹಾಕಿದರು. ಆದರೆ ವೈರಸ್ಸಿನ ಕೆಲಸ ನಡೆಯುವುದು ಜೀವಕೋಶದೊಳಗೆ, ಮತ್ತು ಔಷಧ ತನ್ನ ಕೆಲಸ ಮಾಡುವುದು ಕೋಶದೊಳಗೆ ಮೂರು ಸಲ ರೂಪ ಬದಲಿಸಿಕೊಂಡ ಮೇಲೆ. ಆ ಕೊನೆಯ ರೂಪ ಕೋಶದಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಮೊದಲ ರೂಪಾಂತರ ಬೇಗ ಆಗುತ್ತದೆ, ಎರಡನೆಯದು ಬಲು ನಿಧಾನ. ಮಂಡ್ಯದ ಕಡೆ ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿನೆದುರು ನಿಲ್ಲುವ ಗಾಡಿ, ಟ್ರ್ಯಾಕ್ಟರುಗಳ ಸಾಲನ್ನು ನೆನಪಿಸಿಕೊಳ್ಳಿ. ಗಾಣ ದಿನಕ್ಕೆ ಅರೆಯುವಷ್ಟನ್ನೇ ಅರೆಯುತ್ತದೆ. ಇನ್ನೂ ನೂರು ಗಾಡಿ ತಂದು ನಿಲ್ಲಿಸಿದರೆ ಸಕ್ಕರೆ ಹೆಚ್ಚಾಗುವುದಿಲ್ಲ, ಸಾಲಿನಲ್ಲಿ ನಿಂತ ಕಬ್ಬು ಒಣಗುತ್ತದೆ. ಇಲ್ಲೂ ಹಾಗೇ. ಡೋಸು ಏರಿಸಿದರೆ ವೈರಸ್ ತಡೆಯುವ ಕೊನೆಯ ರೂಪ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಅರ್ಧ ಬದಲಾದ ಸರಕು ಕೋಶದಲ್ಲಿ ಜಮಾಯಿಸಿ ಕಾಟ ಕೊಡುತ್ತದೆ.

ಇದೆಲ್ಲ ಬಿಡಿಸಿ ಗೊತ್ತಾದದ್ದು ಆಮೇಲೆ. ಡೋಸು ಇಳಿಸಿದ್ದು ಮಾತ್ರ ಅದಕ್ಕೂ ಮೊದಲೇ, ಪರೀಕ್ಷೆಯ ಬಲದಿಂದ. 524 ರೋಗಿಗಳನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಹಳೆಯ 1500 ಮಿಲಿಗ್ರಾಂ ಕೊಟ್ಟರು. ಇನ್ನೊಂದಕ್ಕೆ ಮೊದಲ ನಾಲ್ಕು ವಾರ 1200, ಆಮೇಲೆ 600. ಹದಿನೆಂಟು ತಿಂಗಳ ಬಳಿಕ ಹೆಚ್ಚು ನುಂಗಿದವರಲ್ಲಿ ನೂರಕ್ಕೆ 52 ಜನ ಬದುಕಿದ್ದರು, ಕಡಿಮೆ ನುಂಗಿದವರಲ್ಲಿ 63. ಅರ್ಧಕ್ಕೂ ಕಡಿಮೆ ಔಷಧ, ಕಡಿಮೆ ರಕ್ತಹೀನತೆ, ಉಳಿದ ಜೀವ ಮಾತ್ರ ಹೆಚ್ಚು. 1990ರ ಜನವರಿಯಲ್ಲಿ ಅಮೆರಿಕದಲ್ಲಿ ಅಧಿಕೃತ ಡೋಸು 600ಕ್ಕೆ ಇಳಿಯಿತು. ಈಗ ಅದನ್ನು ಬೆಳಿಗ್ಗೆ 300, ಸಂಜೆ 300 ಎಂದು ಕೊಡುತ್ತಾರೆ, ನಡುರಾತ್ರಿ ಏಳಬೇಕಾಗಿಲ್ಲ. ನಾನು ಪಾಠ ಹೇಳಲು ಶುರುಮಾಡಿದ ಕಾಲದಲ್ಲಿ ನಮ್ಮ ಗ್ರಂಥಾಲಯದ ಪುಸ್ತಕದಲ್ಲಿ ಹಳೆಯ ಡೋಸೇ ಇತ್ತು. ಪೆನ್ಸಿಲಿನಲ್ಲಿ ತಿದ್ದಿಕೊಂಡು ಓದಿಸುತ್ತಿದ್ದೆ.

ಇಷ್ಟು ಓದಿದ ಮೇಲೆ ‘ಅಂದಮೇಲೆ ಕಡಿಮೆಯೇ ಒಳ್ಳೆಯದಲ್ಲವೇ’ ಎಂದು ನಿಮಗನ್ನಿಸಿದರೆ ತಪ್ಪಿಲ್ಲ. ಆದರೆ ಕೆಳಗೊಂದು ಗೆರೆಯಿದೆ, ಅದನ್ನು ದಾಟಬಾರದು. ಆ ಗೆರೆ ಎಲ್ಲಿಂದ ಬಂತು ನೋಡಿ.

ಚಿಕಿತ್ಸೆ ಇಲ್ಲದ ಮನುಷ್ಯನ ಮೈಯಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ತವೆ ಎಂದು 1996ರಲ್ಲಿ ಡೇವಿಡ್ ಹೊ, ಅಲನ್ ಪೆರೆಲ್ಸನ್ ಮತ್ತು ಅವರ ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಒಂದೊಂದೂ ತನ್ನ ಜಾತಕವನ್ನು ನಕಲು ಮಾಡಿಕೊಂಡೇ ಹುಟ್ಟಬೇಕು. ಈ ವೈರಸ್ ಮಹಾ ಬೇಜವಾಬ್ದಾರಿ ನಕಲುಗಾರ. ಜಾತಕದಲ್ಲಿ ಸುಮಾರು ಹತ್ತು ಸಾವಿರ ಅಕ್ಷರ, ಮೂರು ನಾಲ್ಕು ನಕಲಿಗೊಮ್ಮೆಯಾದರೂ ಒಂದು ಅಕ್ಷರ ತಪ್ಪುತ್ತದೆ. ಅಂದರೆ ಬರೆಯಲು ಸಾಧ್ಯವಿರುವ ಒಂದಕ್ಷರದ ತಪ್ಪುಗಳೆಲ್ಲ ದಿನಾ ಎಲ್ಲೋ ಒಂದು ಕಡೆ ಹುಟ್ಟುತ್ತಲೇ ಇರುತ್ತವೆ. ಅಂಥ ತಪ್ಪುಗಳಲ್ಲಿ ಕೆಲವು ವೈರಸ್ಸಿಗೆ ವರ. ಒಂದೇ ಅಕ್ಷರ ಬದಲಾದರೆ ನಿಮ್ಮ ತಮ್ಮನ ಮಾತ್ರೆಯಲ್ಲಿರುವ ಲ್ಯಾಮಿವುಡಿನ್ ಅದಕ್ಕೆ ನಾಟುವುದಿಲ್ಲ.

ಔಷಧ ಪೂರ್ತಿ ಇದ್ದಾಗ ನಕಲೇ ನಡೆಯುವುದಿಲ್ಲ, ತಪ್ಪು ಎಲ್ಲಿಂದ ಬಂದೀತು? ಔಷಧ ಇಲ್ಲವೇ ಇಲ್ಲ ಎಂದರೂ ಮೂಲ ವೈರಸ್ಸೇ ಬೆಳೆಯುತ್ತದೆ, ತಪ್ಪಿನ ವೈರಸ್ಸಿಗೆ ವಿಶೇಷ ಲಾಭವಿಲ್ಲ. ಅಪಾಯ ಇರುವುದು ನಡುವೆ. ಔಷಧ ಇದೆ, ಆದರೆ ಸಾಲದಷ್ಟಿದೆ. ಆಗ ನಕಲೂ ನಡೆಯುತ್ತದೆ, ಹಳೆಯ ವೈರಸ್ಸನ್ನು ಔಷಧವೇ ಕೊಂದು ಹೊಸದಕ್ಕೆ ಹೊಲ ಬಿಟ್ಟುಕೊಡುತ್ತದೆ. ಹೊಲದಲ್ಲಿ ಕಳೆಯ ತಲೆ ಕೊಯ್ದು ಗೆಡ್ಡೆ ಬಿಟ್ಟವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಈ ನಡುವಿನ ಜಾಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರಕಾರದ ಉಚಿತ ಮಾತ್ರೆ ಬರುವ ಮುಂಚಿನ ವರ್ಷಗಳು. ನಮ್ಮ ಆಸ್ಪತ್ರೆಗೆ ಬರುತ್ತಿದ್ದ ಗಂಡ ಹೆಂಡತಿ ಇಬ್ಬರಿಗೂ ಸೋಂಕು. ಎತ್ತು ಮಾರಿ ಒಬ್ಬರಿಗಾಗುವಷ್ಟು ಔಷಧ ಕೊಂಡಿದ್ದರು. ನೀನು ಬದುಕು ಎಂದು ಒಬ್ಬರಿಗೊಬ್ಬರು ಜಗಳವಾಡಿ, ಕೊನೆಗೆ ಯಾರಿಗೂ ಹೇಳದೆ ಆ ಡಬ್ಬಿಯನ್ನು ಇಬ್ಬರೂ ಹಂಚಿಕೊಂಡರು. ಇವನ ಹಗಲು, ಅವಳ ರಾತ್ರಿ. ಅದಕ್ಕಿಂತ ಪ್ರೀತಿಯ ಕೆಲಸವನ್ನು ನಾನು ಕಂಡಿಲ್ಲ. ಕೆಲವೇ ತಿಂಗಳಲ್ಲಿ ಆ ಔಷಧ ಇಬ್ಬರಿಗೂ ನಾಟದಂತಾಯಿತು.

2001ರಲ್ಲಿ ನಮ್ಮದೇ ದೇಶದ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೊಂದು ಡಾಲರಿಗೂ ಕಡಿಮೆಗೆ ಕೊಡುತ್ತೇನೆ ಎಂದಾಗ ಜಗತ್ತು ಬೆಚ್ಚಿತು. ಪಶ್ಚಿಮದಲ್ಲಿ ಅದೇ ಚಿಕಿತ್ಸೆಗೆ ಹತ್ತು ಸಾವಿರ ಡಾಲರಿನ ಮೇಲಿತ್ತು. ಆ ಮೂರೂ ಒಂದೇ ಮಾತ್ರೆಯಲ್ಲಿ ಬಂದವು, ಬೆಳಿಗ್ಗೆ ಒಂದು, ಸಂಜೆ ಒಂದು. 2004ರ ಏಪ್ರಿಲ್ 1ರಿಂದ ಭಾರತ ಸರಕಾರ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಉಚಿತವಾಗಿ ಔಷಧ ಕೊಡಲು ಶುರುಮಾಡಿತು, ಕರ್ನಾಟಕವೂ ಅವುಗಳಲ್ಲೊಂದು. ಆ ಕಾಲದ ಮಾತ್ರೆಗಳಲ್ಲಿ ಸ್ಟಾವುಡಿನ್ ಎಂಬುದೊಂದು ಇರುತ್ತಿತ್ತು. 60 ಕೆ.ಜಿ.ಗಿಂತ ಕಡಿಮೆ ಇದ್ದವರಿಗೆ 30 ಮಿಲಿಗ್ರಾಂ, ಹೆಚ್ಚಿದ್ದವರಿಗೆ 40. ನೀವು ಕೇಳಿದಂತೆ ತೂಕ ನೋಡಿಯೇ ಕೊಡುತ್ತಿದ್ದರು, ಗಮನಿಸಿ. ಜೀವವನ್ನೇನೋ ಅದು ಉಳಿಸಿತು. ಆದರೆ ವರ್ಷಗಟ್ಟಲೆ ನುಂಗಿದವರಲ್ಲಿ ಅನೇಕರಿಗೆ ಪಾದ ಧಗಧಗ ಉರಿಯುತ್ತಿತ್ತು, ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುತ್ತಿರಲಿಲ್ಲ. ಕೆನ್ನೆಯ ಕೊಬ್ಬು ಕರಗಿ ಮುಖ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಆ ಕೆನ್ನೆ ನೋಡಿಯೇ ಊರಿಗೆ ಗೊತ್ತಾಗುತ್ತಿತ್ತು. ಅಡ್ಡಪರಿಣಾಮಗಳ ಪಟ್ಟಿಯಲ್ಲಿ ‘ಊರಿಗೆ ಗೊತ್ತಾಗುವುದು’ ಎಂದು ಯಾವ ಪುಸ್ತಕವೂ ಬರೆಯುವುದಿಲ್ಲ, ಬರೆಯಬೇಕಿತ್ತು.

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಎಷ್ಟೇ ಇರಲಿ ದೊಡ್ಡವರಿಗೆಲ್ಲ 30 ಸಾಕು ಎಂದಿತು. ಮುಂದೆರಡು ವರ್ಷಕ್ಕೆ ಆ ಔಷಧವನ್ನೇ ಹಂತಹಂತವಾಗಿ ಬಿಡಿ ಎಂದಿತು. ಡೋಸು ಇಳಿಸಿಯೂ ಪಳಗದ ಔಷಧ ಅದು.

ಎಫಾವಿರೆಂಜ್‌ನ ಕತೆ ಅಷ್ಟು ಕಹಿಯಲ್ಲ. ಇದೂ ಎಚ್‌ಐವಿ ಔಷಧವೇ, ರಾತ್ರಿ ಮಲಗುವ ಮುಂಚೆ ನುಂಗುವ ಮಾತ್ರೆ, 600 ಮಿಲಿಗ್ರಾಂ. ಅದನ್ನು ನುಂಗಿದವರು ತಲೆತಿರುಗು, ಬಣ್ಣಬಣ್ಣದ ವಿಚಿತ್ರ ಕನಸು, ಬೆಳಿಗ್ಗೆ ಮಂಕು ಎನ್ನುತ್ತಿದ್ದರು. ಇದನ್ನು ಯಕೃತ್ತು ಒಡೆದು ಹೊರಹಾಕುತ್ತದೆ. ಕೆಲವರ ಯಕೃತ್ತಿಗೆ ಹುಟ್ಟಿನಿಂದಲೇ ಆ ಕೆಲಸದಲ್ಲಿ ಕೈ ನಿಧಾನ, ಅಂಥವರು ನಮ್ಮ ದೇಶದಲ್ಲೂ ಕಡಿಮೆಯಿಲ್ಲ. ಅವರ ರಕ್ತದಲ್ಲಿ ಔಷಧ ಬೇಕಾದ್ದಕ್ಕಿಂತ ಬಹಳ ಮೇಲೇರಿ ಕೂರುತ್ತಿತ್ತು. ಆಸ್ಟ್ರೇಲಿಯಾದ ಕಿರ್ಬಿ ಸಂಸ್ಥೆಯವರು 13 ದೇಶಗಳ 600ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿ, ಅರ್ಧ ಜನರಿಗೆ 600, ಅರ್ಧ ಜನರಿಗೆ 400 ಕೊಟ್ಟು ನೋಡಿದರು. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. 48 ವಾರದ ಕೊನೆಗೆ 400ರ ಗುಂಪಿನಲ್ಲಿ ನೂರಕ್ಕೆ 94, 600ರ ಗುಂಪಿನಲ್ಲಿ 92 ಜನರ ವೈರಸ್ ಹತೋಟಿಯಲ್ಲಿತ್ತು. ಔಷಧದಿಂದಾದ ತೊಂದರೆ 47ರಿಂದ 37ಕ್ಕಿಳಿದಿತ್ತು.

ಆ ಅಧ್ಯಯನಕ್ಕೆ ದುಡ್ಡು ಕೊಟ್ಟದ್ದು ಗೇಟ್ಸ್ ಪ್ರತಿಷ್ಠಾನ. ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ‘ಇದರಲ್ಲಿ ಮೂರನೇ ಒಂದು ಭಾಗ ಕಡಿಮೆ ಕೊಟ್ಟರೂ ನಡೆಯುತ್ತದೆ’ ಎಂದು ಸಾಬೀತು ಮಾಡುವುದರಿಂದ ಮಾರುವವರಿಗೆ ಏನು ಸಿಕ್ಕೀತು? ಆ ಪ್ರಶ್ನೆಯನ್ನು ಸಾರ್ವಜನಿಕ ಸಂಸ್ಥೆಗಳು, ದತ್ತಿ ಹಣ, ರೋಗಿಗಳ ಸಂಘಗಳು ಕೇಳಬೇಕು. ‘ಯಾರು ಗೊತ್ತುಮಾಡಿದರು’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಮೊದಲ ಡೋಸನ್ನು ಕಂಪನಿ ಆರಿಸುತ್ತದೆ, ಸರಕಾರಿ ಸಂಸ್ಥೆ ಒಪ್ಪುತ್ತದೆ. ಸರಿಯಾದ ಡೋಸನ್ನು ಆಮೇಲೆ ಯಾರಾದರೂ ಹಟ ಹಿಡಿದು ಹುಡುಕಬೇಕಾಗುತ್ತದೆ.

ಹನ್ನೆರಡು ಪಟ್ಟಿನ ಔಷಧ ಎಂದೆನಲ್ಲ, ಅದು ರಿಟೊನಾವಿರ್. 1996ರಲ್ಲಿ ಬಂದಾಗ ಬೆಳಿಗ್ಗೆ 600, ಸಂಜೆ 600. ಬಾಯಿ ಸುತ್ತ ಜುಮುಜುಮು, ಹೊಟ್ಟೆಯಲ್ಲಿ ತೊಳಸು, ಭೇದಿ. ಜೊತೆಗೆ ಯಕೃತ್ತು ಬೇರೆ ಔಷಧಗಳನ್ನು ಒಡೆಯದಂತೆ ಅದರ ಕೈ ಕಟ್ಟಿಹಾಕುವ ಚಟ ಬೇರೆ. ಆ ಚಟವನ್ನೇ ಉಪಯೋಗಿಸಿಕೊಂಡರೆ ಹೇಗೆ ಎಂದು ಯಾರಿಗೋ ಹೊಳೆಯಿತು. ಈಗ ಅದನ್ನು ವೈರಸ್ ಕೊಲ್ಲಲೆಂದು ಕೊಡುವುದಿಲ್ಲ. ಇನ್ನೊಂದು ಔಷಧದ ಜೊತೆ 100 ಮಿಲಿಗ್ರಾಂ ಇಟ್ಟು ಕಾವಲಿಗೆ ಕೂರಿಸುತ್ತಾರೆ, ಅದು ಯಕೃತ್ತನ್ನು ತಡೆದು ಜೊತೆಗಾರನನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ. ಕೋವಿಡ್‌ಗೆ ಬಂದ ಪ್ಯಾಕ್ಸ್‌ಲೋವಿಡ್‌ನಲ್ಲೂ ಇದೇ ಕಾವಲುಗಾರ.

ಇನ್ನು ನಿಮ್ಮ ತಮ್ಮನ ಮಾತ್ರೆಗೆ ಬರೋಣ. ಅವನದು ಬಹುಶಃ ಟಿ.ಎಲ್.ಡಿ. ಇರಬೇಕು, ಈಗ ನಮ್ಮ ಕೇಂದ್ರಗಳಲ್ಲಿ ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವುದು ಅದನ್ನೇ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಮೂರರಲ್ಲಿ ಗಟ್ಟಿಗ ಡೊಲುಟೆಗ್ರಾವಿರ್. ಅದರ 50 ಎಲ್ಲಿಂದ ಬಂತು ನೋಡಿ. ಮೊದಲು ಪ್ರಯೋಗಾಲಯದಲ್ಲಿ ವೈರಸ್ಸನ್ನು ನೂರಕ್ಕೆ ತೊಂಬತ್ತು ಪಾಲು ತಡೆಯಲು ಎಷ್ಟು ಬೇಕು ಎಂದು ಕಂಡುಕೊಂಡರು. ಆಮೇಲೆ ಸೋಂಕಿದ್ದ 35 ಮಂದಿಗೆ ಹತ್ತು ದಿನ ಮಾತ್ರ, ಕೆಲವರಿಗೆ 2 ಮಿಲಿಗ್ರಾಂ, ಕೆಲವರಿಗೆ 10, ಕೆಲವರಿಗೆ 50, ಕೆಲವರಿಗೆ ಬರೀ ಹಿಟ್ಟಿನ ಗುಳಿಗೆ. ಎರಡೇ ಮಿಲಿಗ್ರಾಂ ಕೊಟ್ಟರೂ ವೈರಸ್ ದಡಕ್ಕನೆ ಇಳಿಯಿತು. 50 ಪಡೆದ ಹತ್ತು ಮಂದಿಯಲ್ಲಿ ಏಳು ಜನರ ವೈರಸ್ ಅಳತೆಗೇ ಸಿಗದಷ್ಟಾಯಿತು.

ಹಾಗಾದರೆ 10 ಸಾಲದೇ ಎಂದು ಕೇಳುವಿರಿ. ಅವರೂ ಕೇಳಿದರು. 205 ಜನರಲ್ಲಿ ಮೂರು ಗುಂಪಿಗೆ 10, 25, 50 ಕೊಟ್ಟು, ನಾಲ್ಕನೆಯದಕ್ಕೆ ಎಫಾವಿರೆಂಜ್ ಕೊಟ್ಟು ಹೋಲಿಸಿದರು. ಮೂರೂ ಪಾಸಾದವು. ಆದರೆ 96 ವಾರದ ಹೊತ್ತಿಗೆ 10 ಮತ್ತು 25ರ ಗುಂಪುಗಳಲ್ಲಿ ನೂರಕ್ಕೆ 79, 78 ಮಂದಿಯ ವೈರಸ್ ಹತೋಟಿಯಲ್ಲಿದ್ದರೆ 50ರಲ್ಲಿ 88. ತೊಂದರೆಯೇನೂ ಅದಕ್ಕೆ ತಕ್ಕಂತೆ ಏರಿರಲಿಲ್ಲ. ಹಾಗಾಗಿ 50.

ತೂತು ಹಂಡೆಗೆ ನೀರು ತುಂಬುವ ಹಾಗೆ ಇದು. ದಿನಕ್ಕೊಮ್ಮೆ ತುಂಬುತ್ತೀರಿ, ಮರುದಿನ ಅದೇ ಹೊತ್ತಿಗೆ ನೀರು ಎಷ್ಟು ಇಳಿದರೂ ಕೆಳಗಿನ ಗೆರೆಗಿಂತ ಮೇಲಿರಬೇಕು. ಡೊಲುಟೆಗ್ರಾವಿರ್‌ನದು ಸಣ್ಣ ತೂತು, ಅರ್ಧಕ್ಕಿಳಿಯಲು ಸುಮಾರು 14 ಗಂಟೆ ಬೇಕು. 50 ನುಂಗಿದವರಲ್ಲಿ ಮರುದಿನದ ನೀರೂ ಆ ಗೆರೆಗಿಂತ ಹಲವು ಪಟ್ಟು ಮೇಲಿರುತ್ತದೆ. 90 ಕೆ.ಜಿ.ಯವನ ಹಂಡೆ ದೊಡ್ಡದು, ಮಟ್ಟ ತುಸು ಕಡಿಮೆ. ನಿಮ್ಮ ತಮ್ಮನ ಹಂಡೆ ಚಿಕ್ಕದು, ಮಟ್ಟ ತುಸು ಹೆಚ್ಚು. ಇಬ್ಬರೂ ಗೆರೆಯ ಮೇಲೇ ಇದ್ದಾರೆ, ಇಬ್ಬರೂ ತುಳುಕುತ್ತಿಲ್ಲ. ಅಮ್ಮನ ಥೈರಾಯ್ಡ್ ಮಾತ್ರೆಯ ಲೆಕ್ಕವೇ ಬೇರೆ. ಅಲ್ಲಿ ಮೈಗೆ ಎಷ್ಟು ಕೊರತೆಯಿದೆಯೋ ಅಷ್ಟನ್ನೇ ತುಂಬಿಕೊಡಬೇಕು, ಒಬ್ಬೊಬ್ಬರ ಕೊರತೆ ಒಂದೊಂದು ತೆರ, ಸ್ವಲ್ಪ ಹೆಚ್ಚಾದರೂ ಎದೆ ಡವಗುಡುತ್ತದೆ. ಅಲ್ಲಿ ಮೈಕ್ರೋಗ್ರಾಂ ಲೆಕ್ಕ ಹಿಡಿಯುವುದು ಅದಕ್ಕೇ.

ಮಕ್ಕಳ ವಿಷಯದಲ್ಲಿ ಮಾತ್ರ ನಿಮ್ಮ ತಕ್ಕಡಿ ಸರಿ. ಡೊಲುಟೆಗ್ರಾವಿರ್‌ನ ನೀರಿನಲ್ಲಿ ಕರಗುವ 10 ಮಿಲಿಗ್ರಾಮಿನ ಮಾತ್ರೆ 2020ರ ಕೊನೆಯಲ್ಲಿ ಒಪ್ಪಿಗೆ ಪಡೆಯಿತು. ಮೂರರಿಂದ ಆರು ಕೆ.ಜಿ. ಮಗುವಿಗೆ ಅರ್ಧ, ಹತ್ತು ಕೆ.ಜಿ. ಒಳಗಿದ್ದರೆ ಒಂದೂವರೆ, ಹದಿನಾಲ್ಕರ ಒಳಗೆ ಎರಡು, ಇಪ್ಪತ್ತರ ಒಳಗೆ ಎರಡೂವರೆ. ಇಪ್ಪತ್ತು ಕೆ.ಜಿ. ದಾಟಿದರೆ ದೊಡ್ಡವರ 50. ಎರಡೂವರೆ ಮಾತ್ರೆಯಿಂದ ಒಮ್ಮೆಗೇ 50ಕ್ಕೆ ನೆಗೆಯುವುದೇ ಎಂದು ಹುಬ್ಬೇರಿಸಬೇಡಿ. ಕರಗುವ ಮಾತ್ರೆ ಮೈಗೆ ಹೆಚ್ಚು ಸುಲಭವಾಗಿ ಹತ್ತುತ್ತದೆ. ಅದರ 30 ಮಿಲಿಗ್ರಾಂ ಲೇಪನದ ಮಾತ್ರೆಯ 50ಕ್ಕೆ ಸಮ. ಮಾತ್ರೆಯ ಮೇಲೆ ಅಚ್ಚಾದ ಅಂಕಿಯೊಂದೇ ಡೋಸಲ್ಲ, ಮೈ ಎಷ್ಟನ್ನು ಒಳಗೆ ಬಿಟ್ಟುಕೊಂಡಿತು ಎಂಬುದು ಡೋಸು.

ದೊಡ್ಡವರಲ್ಲೂ 50 ಸಾಲದ ಸಂದರ್ಭವೊಂದಿದೆ, ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ಕ್ಷಯ ಬಂದು ರಿಫಾಂಪಿಸಿನ್ ಶುರುವಾದರೆ ಅದು ಯಕೃತ್ತಿಗೆ ಚಾಟಿ ಬೀಸಿ ಡೊಲುಟೆಗ್ರಾವಿರ್‌ನ್ನು ಬೇಗಬೇಗ ಹೊರಹಾಕಿಸುತ್ತದೆ, ಹಂಡೆಯ ತೂತು ದೊಡ್ಡದಾಗುತ್ತದೆ. ಆಗ ಹನ್ನೆರಡು ಗಂಟೆ ಬಿಟ್ಟು ಇನ್ನೊಂದು 50 ಕೊಡುತ್ತಾರೆ. ಕ್ಷಯದ ಔಷಧ ಮುಗಿದ ಮೇಲೂ ಎರಡು ವಾರ ಅದನ್ನು ಮುಂದುವರಿಸಬೇಕು, ಚಾಟಿಯ ಗುಂಗು ಇಳಿಯಲು ಅಷ್ಟು ಹೊತ್ತು ಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳದು ಇನ್ನೊಂದು ತಕರಾರು. ಅವು ಹೊಟ್ಟೆಯಲ್ಲೇ ಡೊಲುಟೆಗ್ರಾವಿರ್‌ನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಅವನ್ನು ನುಂಗುವುದಿದ್ದರೆ ಎರಡನ್ನೂ ಊಟದ ಜೊತೆ ನುಂಗಬೇಕು, ಇಲ್ಲವೇ ಎಚ್‌ಐವಿ ಮಾತ್ರೆಯನ್ನು ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಬಳಿಕ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಗ್ಯಾಸ್ಟ್ರಿಕ್ ಔಷಧಿಗೆ ಊಟದ ರಿಯಾಯಿತಿ ಇಲ್ಲ, ಗಂಟೆಯ ಅಂತರವೇ ಬೇಕು. ಪೂರ್ತಿ ಮಾತ್ರೆ ನುಂಗಿಯೂ ಅರ್ಧ ಮಾತ್ರೆಯ ಪಾಡು ಬರುವುದು ಹೀಗೆ.

‘ವೈರಸ್ ಕಾಣದಿದ್ದಾಗ ಕಡಿಮೆ ಮಾಡಬಹುದೇ’ ಎಂಬುದನ್ನೂ ಪರೀಕ್ಷಿಸದೆ ಬಿಟ್ಟಿಲ್ಲ. 11 ದೇಶಗಳಲ್ಲಿ 199 ಮಕ್ಕಳು, ಹರೆಯದವರನ್ನು ಆರಿಸಿ ಒಂದು ಗುಂಪಿಗೆ ವಾರಕ್ಕೆ ಐದು ದಿನ ಮಾತ್ರೆ, ಎರಡು ದಿನ ರಜೆ ಕೊಟ್ಟು ನೋಡಿದರು. 48 ವಾರ ರಜೆಯವರೂ ದಿನಾ ನುಂಗುವವರಷ್ಟೇ ಚೆನ್ನಾಗಿದ್ದರು. ಆದರೆ ಅದು ಮೈಯಲ್ಲಿ ಬಹಳ ಹೊತ್ತು ನಿಲ್ಲುವ ಎಫಾವಿರೆಂಜ್ ನುಂಗುತ್ತಿದ್ದವರ ಮಾತು, ಅದೂ ಪದೇಪದೇ ರಕ್ತ ನೋಡುತ್ತಾ. ಟಿ.ಎಲ್.ಡಿ.ಗೆ, ನಿಮ್ಮ ಮನೆಗೆ ಆ ಉತ್ತರ ಒಯ್ಯಲಾಗದು. ಮಾತ್ರೆಯನ್ನು ಎರಡು ಹೋಳು ಮಾಡಿದರೆ ಒಂದಲ್ಲ, ಮೂರು ಔಷಧಗಳನ್ನು ಒಟ್ಟಿಗೆ ಅರ್ಧ ಮಾಡಿದಂತೆ ಎಂಬುದೂ ನೆನಪಿರಲಿ. ಡೊಲುಟೆಗ್ರಾವಿರ್ ಹೇಗೋ ತಡೆದೀತು, ಉಳಿದೆರಡಕ್ಕೆ ಅಷ್ಟು ಧಾರಾಳ ಅಂಚು ಇಲ್ಲ.

ಡೋಸು ಹುಡುಕುವ ಕೆಲಸ ಮುಗಿದ ಅಧ್ಯಾಯವೇನಲ್ಲ. ಇಸ್ಲಾಟ್ರಾವಿರ್ ಎಂಬ ಹೊಸ ಔಷಧ ಪಡೆದವರಲ್ಲಿ ರಕ್ತದ ಬಿಳಿಕಣಗಳು ಇಳಿಯುತ್ತಿವೆ ಎಂದು ಗೊತ್ತಾಗಿ 2021ರ ಡಿಸೆಂಬರಿನಲ್ಲಿ ಅಮೆರಿಕ ಅದರ ಪರೀಕ್ಷೆಗಳಿಗೆ ತಡೆ ಹಾಕಿತು. ಮುಂದಿನ ವರ್ಷ ದಿನದ ಡೋಸನ್ನು 0.75ರಿಂದ 0.25 ಮಿಲಿಗ್ರಾಮಿಗೆ ಇಳಿಸಿ ಮತ್ತೆ ಶುರುಮಾಡಿದರು. 1987ರಿಂದ ರೋಗಿಗಳು ಮೂರು ವರ್ಷ ರಕ್ತ ಏರಿಸಿಕೊಂಡು ಕಲಿಸಿದ ಪಾಠವನ್ನು ಈ ಸಲ ಔಷಧ ಅಂಗಡಿಗೆ ಬರುವ ಮೊದಲೇ ಕಲಿತರು. ಇದನ್ನು ನಾನು ಪ್ರಗತಿ ಎಂದೇ ಕರೆಯುತ್ತೇನೆ.

ನಿಮ್ಮ ತಮ್ಮನಿಗೆ ಮಾತ್ರೆಯಿಂದ ನಿದ್ದೆಗೇಡು, ತಲೆನೋವು, ತೂಕದ ಏರಿಳಿತ, ಏನೇ ತೊಂದರೆಯಿದ್ದರೂ ಡೋಸನ್ನು ತಾನೇ ಇಳಿಸದೆ ಕೇಂದ್ರದ ವೈದ್ಯರಿಗೆ, ಆಪ್ತ ಸಮಾಲೋಚಕರಿಗೆ ಬಾಯಿಬಿಟ್ಟು ಹೇಳಲಿ. ಮೂತ್ರಪಿಂಡ ಸೋತಿದ್ದರೆ ಅವರೇ ಔಷಧ ಬದಲಿಸುತ್ತಾರೆ, ಅದಕ್ಕೆ ದಾರಿಗಳಿವೆ. ಮುಂದಿನ ಸಲ ಹೋಗುವಾಗ ಅವನು ನುಂಗುವ ಬೇರೆಲ್ಲ ಮಾತ್ರೆ, ಟಾನಿಕ್ಕು, ಗ್ಯಾಸ್ಟ್ರಿಕ್ ಔಷಧಿ, ಯಾರೋ ಕೊಟ್ಟ ಚೂರ್ಣ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕಳಿಸಿ, ವೈದ್ಯರು ಮೇಜಿನ ಮೇಲೆ ಸುರಿದು ನೋಡಲಿ. ಕೇಂದ್ರ ದೂರವಿದ್ದು ತಕ್ಷಣ ಕೇಳಬೇಕಾದ್ದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿಯ ಸಂಖ್ಯೆ 1097, ಕರೆಗೆ ದುಡ್ಡಿಲ್ಲ, ಹೆಸರು ಹೇಳಬೇಕಾಗಿಯೂ ಇಲ್ಲ.